ಆರ್‌ಟಿಒ ದುಡ್ಡು ಎರಡು ಸಲ ವಸೂಲಿ: ಮೈಸೂರಿನ ಶೋರೂಂನಿಂದ ವಾಪಸ್ ಪಡೆಯೋದು ಹೇಗೆ?

ಕೆಎ11_ಸವಾರ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಶೋರೂಂನಲ್ಲಿ ಹೊಸ ಕಾರು ತಗೊಂಡ್ವಿ. ಮನೆ ಮಂಡ್ಯ, ರಿಜಿಸ್ಟ್ರೇಷನ್ನೂ ಮಂಡ್ಯದ್ದೇ. ಕೊಟೇಷನ್ ಹೀಗಿತ್ತು:

ಎಕ್ಸ್ ಶೋರೂಂ 8,60,000
ಲೈಫ್ ಟ್ಯಾಕ್ಸ್ ಮತ್ತು ರಿಜಿಸ್ಟ್ರೇಷನ್ 1,39,500
ಇನ್ಶೂರೆನ್ಸ್ 38,200
ಹ್ಯಾಂಡ್ಲಿಂಗ್ 7,500
ಫಾಸ್ಟ್ಯಾಗ್ 600
ಒಟ್ಟು 10,45,800

ಬುಕಿಂಗ್ ಅಡ್ವಾನ್ಸ್ 25,000, ಬ್ಯಾಂಕ್ ಲೋನ್ 7,50,000, ಮಿಕ್ಕ 2,70,800 ಆರ್‌ಟಿಜಿಎಸ್. ಅಲ್ಲಿಗೆ ಲೆಕ್ಕ ಚುಕ್ತಾ ಆಗ್ಬೇಕಿತ್ತು. ಡೆಲಿವರಿ ದಿನ ಕೀ ಕೊಡೋಕೆ ಮುಂಚೆ ಇನ್ನೂ 16,750 ಕಟ್ಟಿಸ್ಕೊಂಡವ್ರೆ: ಆರ್‌ಟಿಒ ಪ್ರೊಸೆಸಿಂಗ್ 11,800, ಎಚ್‌ಪಿ ಎಂಟ್ರಿ (ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು) 3,500, ನಂಬರ್ ಪ್ಲೇಟ್ 1,450. "ಬೇರೆ ಜಿಲ್ಲೆ ಆರ್‌ಟಿಒ ಅಲ್ವಾ ಸಾರ್, ಅದಕ್ಕೆ" ಅಂತಾರೆ. 13,250 ಶೋರೂಂ ಮೆಷಿನ್‌ನಲ್ಲೇ ಕಾರ್ಡ್ ಉಜ್ಜಿದ್ದು, 3,500 ಮಾತ್ರ ಸೇಲ್ಸ್ ಹುಡುಗನ ನಂಬರ್‌ಗೆ ಯುಪಿಐ. ಕೊಟ್ಟಿರೋ ರಸೀದಿಯಲ್ಲಿ "ಇತರೆ ವಸೂಲಿ" ಅಂತಷ್ಟೇ ಇದೆ. ಇದು ಡಬಲ್ ಚಾರ್ಜೇ ತಾನೆ? ಯಾವ ಕ್ರಮದಲ್ಲಿ ಹೋದ್ರೆ ದುಡ್ಡು ವಾಪಸ್ ಬರುತ್ತೆ?

ಕಡತ_ವಿಲೇವಾರಿ

ಮೊದಲು ಸರ್ಕಾರಕ್ಕೆ ಹೋಗಿರುವುದು ಎಷ್ಟು ಅಂತ ನೋಡೋಣ, ಮಿಕ್ಕಿದ್ದು ತಾನಾಗಿಯೇ ಗೊತ್ತಾಗುತ್ತೆ.

ಕರ್ನಾಟಕದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಲೈಫ್ ಟ್ಯಾಕ್ಸ್ ಶೇ. 14. ಆ ತೆರಿಗೆಯ ಮೇಲೆ ಶೇ. 11 ಸೆಸ್. ನಿಮ್ಮ 8,60,000ಕ್ಕೆ ತೆರಿಗೆ 1,20,400, ಸೆಸ್ 13,244, ಒಟ್ಟು 1,33,644. ರಿಜಿಸ್ಟ್ರೇಷನ್ ಶುಲ್ಕ 600, ಲೋನ್ ಇರುವುದರಿಂದ ಹೈಪಾಥಿಕೇಷನ್ (ಎಚ್‌ಪಿ) ನಮೂದಿಗೆ 1,500, ಸ್ಮಾರ್ಟ್ ಕಾರ್ಡ್‌ಗೆ 200. ಅಲ್ಲಿಗೆ 1,35,944. ಇದರ ಮೇಲೆ ನಿಗದಿತ ಮೊತ್ತದ ಸಣ್ಣಪುಟ್ಟ ಸೆಸ್, ಅಂಚೆ ಖರ್ಚು ಸೇರಿದರೂ ಕೊಟೇಷನ್‌ನ 1,39,500ರ ಒಳಗೇ ಮುಗಿಯುತ್ತೆ. ಅಂದರೆ ಎಚ್‌ಪಿ ಎಂಟ್ರಿ ಆಗಲೇ ಆ ಮೊತ್ತದಲ್ಲಿ ಕೂತಿದೆ. 3,500 ಎರಡನೇ ಸಲದ ವಸೂಲಿ, ಅದೂ ಮೂಲ ಶುಲ್ಕದ ದುಪ್ಪಟ್ಟಿಗಿಂತ ಜಾಸ್ತಿ.

ಇನ್ನು 11,800. ಈ ಅಂಕಿಯನ್ನೇ ಸ್ವಲ್ಪ ದಿಟ್ಟಿಸಿ ನೋಡಿ. 10,000ಕ್ಕೆ ಶೇ. 18 ಜಿಎಸ್‌ಟಿ ಹಾಕಿದರೆ ಸರಿಯಾಗಿ 11,800. ಆರ್‌ಟಿಒಗೆ ಕಟ್ಟುವ ತೆರಿಗೆ, ಶುಲ್ಕದ ಮೇಲೆ ಜಿಎಸ್‌ಟಿ ಬರೋದಿಲ್ಲ. ಹಾಗಾಗಿ ಇದು ಆರ್‌ಟಿಒ ಹೆಸರು ಹೊತ್ತ ಶೋರೂಂನ ಸ್ವಂತ ಚಾರ್ಜ್.

ಬೇರೆ ಜಿಲ್ಲೆ ಅನ್ನೋ ಮಾತಿಗೂ ಆಧಾರ ಇಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಡೀಲರ್ ಇರುವ ರಾಜ್ಯದಲ್ಲೇ ನೋಂದಣಿ ಆಗುವ ಹೊಸ ಗಾಡಿಗೆ ಅರ್ಜಿ ಹಾಕಬೇಕಾದವನು ಡೀಲರೇ. ಅರ್ಜಿ, ಪಾವತಿ ಎಲ್ಲ ಸರ್ಕಾರದ ಆನ್‌ಲೈನ್ ನೋಂದಣಿ ವ್ಯವಸ್ಥೆಯಾದ ವಾಹನ್ ಪೋರ್ಟಲ್‌ನಲ್ಲಿ. ಕಂಪನಿಯಿಂದ ಪೂರ್ತಿ ತಯಾರಾಗಿ ಬಂದ ಕಾರನ್ನು ಇನ್‌ಸ್ಪೆಕ್ಷನ್‌ಗೆ ಅಂತ ಮಂಡ್ಯಕ್ಕೆ ಓಡಿಸಿಕೊಂಡು ಹೋಗುವ ಕೆಲಸವೂ ಇಲ್ಲ. ಮೈಸೂರಿನ ಕೆಎ-09 ಆದರೂ ಮಂಡ್ಯದ ಕೆಎ-11 ಆದರೂ ಶುಲ್ಕ ಒಂದೇ.

ನಂಬರ್ ಪ್ಲೇಟ್: 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿಯನ್ನು (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಕಂಪನಿಯೇ ಗಾಡಿ ಜೊತೆ ಡೀಲರ್‌ಗೆ ಕೊಡಬೇಕು, ಡೀಲರ್ ನಂಬರ್ ಹಾಕಿ ಕೂರಿಸಬೇಕು. ಅದಕ್ಕೆ 1,450 ಕೇಳಿದರೆ ಇನ್‌ವಾಯ್ಸ್‌ನಲ್ಲಿ ಯಾವ ಸಾಲಿನಲ್ಲಿದೆ ತೋರಿಸಿ ಅನ್ನಿ.

ವಾಹನ್ ರಸೀದಿ ನಿಮ್ಮ ಕೈಗೆ ಬರಲೇಬೇಕು. ಪರಿವಾಹನ್ ಸೈಟ್‌ನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಶುಲ್ಕದ ರಸೀದಿ ಮತ್ತೆ ಪ್ರಿಂಟ್ ತೆಗೆಯಬಹುದು. ಎಸ್‌ಎಂಎಸ್ ಬಂದಿಲ್ಲ ಅಂದರೆ ಬಹುಶಃ ಅರ್ಜಿಯಲ್ಲಿ ಶೋರೂಂನವರದೇ ಮೊಬೈಲ್ ನಂಬರ್ ಹಾಕಿದ್ದಾರೆ. ಈ ಚಾಳಿ ಬಹಳ ಕಡೆ ಇದೆ. ಅದನ್ನೂ ಈಗಲೇ ಸರಿ ಮಾಡಿಸಿ, ಇಲ್ಲದಿದ್ದರೆ ಮುಂದೆ ಲೋನ್ ತೀರಿಸಿ ಎಚ್‌ಪಿ ತೆಗೆಸುವಾಗ ಒಟಿಪಿ ಅವರ ಫೋನಿಗೆ ಹೋಗುತ್ತೆ.

ಸಾಲದ_ಲೆಕ್ಕ

ಮೇಲಿನ ಲೆಕ್ಕ ಸರಿ, ಆದರೆ 11,800ರ ಬಗ್ಗೆ ಜಗಳಕ್ಕೆ ಇಳಿಯೋ ಮುಂಚೆ ಒಂದು ಸಂಗತಿ ಖಚಿತ ಮಾಡ್ಕೊಳ್ಳಿ. ಬ್ಯಾಂಕಿನ ಪ್ರೊಸೆಸಿಂಗ್ ಫೀ ಮೇಲೂ ಶೇ. 18 ಜಿಎಸ್‌ಟಿ ಇರುತ್ತೆ. ಕೆಲವು ಬ್ಯಾಂಕ್‌ಗಳು ಪ್ರೊಸೆಸಿಂಗ್ ಫೀ, ಸ್ಟಾಂಪ್ ಖರ್ಚು, ಲೋನ್ ಇನ್ಶೂರೆನ್ಸ್ ಎಲ್ಲ ಹಿಡ್ಕೊಂಡು ಮಿಕ್ಕಿದ್ದನ್ನ ಮಾತ್ರ ಶೋರೂಂಗೆ ಹಾಕ್ತವೆ. ಸ್ಯಾಂಕ್ಷನ್ 7,50,000 ಅಂತಿದ್ರೂ ಶೋರೂಂ ಖಾತೆಗೆ ಬಿದ್ದಿರೋದು 7,38,200 ಆಗಿರಬಹುದು. ಆಗ ಶೋರೂಂನವರು ಕೇಳಿದ್ದು ಕೊರತೆ ದುಡ್ಡು. ತಪ್ಪು ಹೆಸರಲ್ಲಿ ರಸೀದಿ ಹಾಕಿರ್ತಾರೆ, ಅಷ್ಟೇ. ಸ್ಯಾಂಕ್ಷನ್ ಲೆಟರ್ ನೋಡಿದ್ರೆ ಇದು ಗೊತ್ತಾಗಲ್ಲ. ಬ್ಯಾಂಕಿಂದ ಡಿಸ್ಬರ್ಸ್‌ಮೆಂಟ್ (ಸಾಲದ ಹಣ ಬಿಡುಗಡೆ) ವಿವರ ತಗೊಳ್ಳಿ, ಆ ವರ್ಗಾವಣೆಯ ಗುರುತಿನ ಸಂಖ್ಯೆಯಾದ ಯುಟಿಆರ್ ನಂಬರ್ ಸಮೇತ.

ಆಮೇಲೆ ಶೋರೂಂನಲ್ಲಿ "ಬ್ರೇಕಪ್ ಕೊಡಿ" ಅನ್ಬೇಡಿ. ಬ್ರೇಕಪ್ ಅಂದ್ರೆ ಸೇಲ್ಸ್‌ನೋರು ಎಕ್ಸೆಲ್‌ನಲ್ಲಿ ಹೊಸದಾಗಿ ಒಂದು ಹಾಳೆ ಹೊಸೆದು ಕೊಡ್ತಾರೆ, ಅದರಲ್ಲಿ ಎಲ್ಲ ಸರಿಯಾಗೇ ಕೂಡುತ್ತೆ. ಅಕೌಂಟ್ಸ್ ವಿಭಾಗದಿಂದ ಸೀಲು ಹಾಕಿದ ಕಸ್ಟಮರ್ ಲೆಡ್ಜರ್ ಕೇಳಿ. ಒಂದು ಕಡೆ ಗಾಡಿ ಇನ್‌ವಾಯ್ಸ್, ಇನ್ಶೂರೆನ್ಸ್, ಆರ್‌ಟಿಒ ಖರ್ಚು, ಇನ್ನೊಂದು ಕಡೆ ನೀವು ಮತ್ತು ಬ್ಯಾಂಕ್ ಕಟ್ಟಿದ ಪ್ರತಿ ರಸೀದಿ. "ಇತರೆ ವಸೂಲಿ" ರಸೀದಿಗಳು ಎಷ್ಟೋ ಸಲ ಗ್ರಾಹಕನ ಲೆಡ್ಜರ್‌ಗೇ ಹತ್ತಿರಲ್ಲ, ಬೇರೆ ತಲೆಬರಹದಲ್ಲಿ ಕೂತಿರ್ತವೆ. ಬುಕಿಂಗ್ ಅಡ್ವಾನ್ಸ್ ಹೊಂದಾಣಿಕೆ ಆಗದೆ ಹಾಗೇ ಉಳಿಯೋದೂ ಇದೇ ದಾರಿಯಲ್ಲಿ. ನಿಮ್ಮ 25,000 ಜಮಾ ಆಗಿದೆಯಾ ನೋಡಿ. ಆರ್‌ಟಿಒಗೆ 1,39,500 ತಗೊಂಡು 1,37,000 ಚಿಲ್ಲರೆ ಕಟ್ಟಿದ್ರೆ ಉಳಿದದ್ದೂ ನಿಮ್ಮ ದುಡ್ಡೇ.

ಕೆಎ11_ಸವಾರ

ಬ್ಯಾಂಕ್ ವಿವರ ಸಿಕ್ತು. 7,50,000 ಪೂರ್ತಿ ಶೋರೂಂಗೆ ಹೋಗಿದೆ, ಪ್ರೊಸೆಸಿಂಗ್ ಫೀ ಬೇರೆಯಾಗಿ ನಮ್ಮ ಎಸ್‌ಬಿ ಖಾತೆಯಿಂದ ಕಟ್ ಆಗಿದೆ. ಲೆಡ್ಜರ್ ಕೇಳಿದ್ರೆ "ಕಸ್ಟಮರ್‌ಗೆ ಕೊಡಲ್ಲ" ಅಂತವ್ರೆ. ಹೆಚ್ಚು ಮಾತಾಡಿದ್ರೆ ಆರ್‌ಸಿ ಲೇಟ್ ಆಗುತ್ತೆ ಅನ್ನೋ ಥರ ಮಾತು.

ಗ್ರಾಹಕ_ಕಟ್ಟೆ

ಹಾಗಾದರೆ ಗೊಂದಲ ಇಲ್ಲ. ಫೋನ್ ಬಿಟ್ಟು ಇಮೇಲ್‌ಗೆ ಬನ್ನಿ. ಶೋರೂಂ ಜನರಲ್ ಮ್ಯಾನೇಜರ್‌ಗೆ ಬರೆದು, ಕಾರು ಕಂಪನಿಯ ಗ್ರಾಹಕ ಸೇವೆ ವಿಳಾಸಕ್ಕೂ ಪ್ರತಿ ಹಾಕಿ. ಇಷ್ಟು ಸಾಕು:

"ಆನ್‌ರೋಡ್ ಬೆಲೆ 10,45,800 ಪೂರ್ತಿ ಪಾವತಿಯಾಗಿದೆ (ರಸೀದಿಗಳು, ಬ್ಯಾಂಕ್ ಪಾವತಿ ವಿವರ ಲಗತ್ತಿಸಿದೆ). ಅದರಲ್ಲಿ ಲೈಫ್ ಟ್ಯಾಕ್ಸ್ ಮತ್ತು ನೋಂದಣಿಗೆ 1,39,500 ಸೇರಿದೆ. ಇದಲ್ಲದೆ ಡೆಲಿವರಿ ದಿನ ಅದೇ ಬಾಬ್ತಿಗೆ 16,750 ಪಡೆದಿದ್ದೀರಿ. ಈ ಮೊತ್ತಕ್ಕೆ ತೆರಿಗೆ ಇನ್‌ವಾಯ್ಸ್ ಅಥವಾ ವಾಹನ್ ರಸೀದಿ ಕೊಡಿ. ಇಲ್ಲವಾದರೆ 15 ದಿನದೊಳಗೆ ನನ್ನ ಖಾತೆಗೆ ಹಿಂತಿರುಗಿಸಿ."

ಇಲ್ಲಿ ತೂಕ ಇರುವುದು ಇನ್‌ವಾಯ್ಸ್ ಅನ್ನೋ ಪದಕ್ಕೆ. 11,800ಕ್ಕೆ ಜಿಎಸ್‌ಟಿ ಇನ್‌ವಾಯ್ಸ್ ಕೊಟ್ಟರೆ ಅದು ಆರ್‌ಟಿಒ ಹಣ ಅಲ್ಲ ಅಂತ ಅವರೇ ಬರೆದುಕೊಟ್ಟ ಹಾಗೆ. ಕೊಡದಿದ್ದರೆ, ಜಿಎಸ್‌ಟಿ ವಸೂಲು ಮಾಡಿ ಬಿಲ್ ಹಾಕಿಲ್ಲವೇ ಅನ್ನೋ ಪ್ರಶ್ನೆ ಏಳುತ್ತೆ. ಎರಡೂ ಕಡೆ ಅವರಿಗೇ ಇಕ್ಕಟ್ಟು.

ಜವಾಬು ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ದೂರು ಕೊಡಬಹುದು. ಅದು ತೀರ್ಪು ಕೊಡುವ ಸಂಸ್ಥೆಯಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತೆ. ಇಂಥ ಸಣ್ಣ ಮೊತ್ತದ ದೂರು ಎಷ್ಟೋ ಸಲ ಇಲ್ಲೇ ಮುಗಿಯುತ್ತೆ, ಯಾಕಂದರೆ ಕಂಪನಿ ಕಡೆಯಿಂದ ಡೀಲರ್‌ಗೆ ಕೇಳಿಕೆ ಬರುತ್ತೆ.

ಆರ್‌ಸಿ ಬೆದರಿಕೆಗೆ ಹೆದರಬೇಡಿ. ತಾತ್ಕಾಲಿಕವೋ ಕಾಯಮ್ಮೋ, ನೋಂದಣಿ ಆಗದೆ ಗಾಡಿ ಡೆಲಿವರಿ ಕೊಡೋ ಹಾಗೇ ಇಲ್ಲ. ತೆರಿಗೆ ಕಟ್ಟಿದ ಅರ್ಜಿ ವಾಹನ್‌ನಲ್ಲಿ ಯಾವ ಹಂತದಲ್ಲಿದೆ ಅಂತ ನೀವೇ ನೋಡಬಹುದು. ಬೇಕಂತಲೇ ತಡೆದರೆ ದೂರು ಕೊಡಬೇಕಾದ್ದು ಮಂಡ್ಯ ಆರ್‌ಟಿಒಗೆ ಅಲ್ಲ. ಆ ಶೋರೂಂಗೆ ಟ್ರೇಡ್ ಸರ್ಟಿಫಿಕೇಟ್ (ನೋಂದಣಿ ಆಗದ ಗಾಡಿಗಳನ್ನು ಇಟ್ಟುಕೊಳ್ಳೋಕೆ ಡೀಲರ್‌ಗೆ ಕೊಡುವ ಪರವಾನಗಿ) ಕೊಟ್ಟ ಕಚೇರಿಗೆ, ಅಂದರೆ ಶೋರೂಂ ಇರುವ ಜಾಗ ನೋಡಿಕೊಂಡು ಮೈಸೂರು ಪಶ್ಚಿಮ (ಕೆಎ-09) ಅಥವಾ ಪೂರ್ವ (ಕೆಎ-55). ಆ ಸರ್ಟಿಫಿಕೇಟ್ ಅಮಾನತು ಮಾಡುವ ಅಧಿಕಾರ ಅವರಿಗಿದೆ. ಅನೇಕರು ತಮ್ಮೂರಿನ ಆರ್‌ಟಿಒಗೆ ಅರ್ಜಿ ಕೊಟ್ಟು ಕಾಯ್ತಾ ಕೂರ್ತಾರೆ.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಹಾಗಾಗಿ ನಿಮಗೆ ಮಂಡ್ಯದಲ್ಲೇ ಆಗುತ್ತೆ. ಓಡಾಟ ಶೋರೂಂನವರಿಗಿರಲಿ, ನಿಮಗೆ ಯಾಕೆ? ಶುಲ್ಕ ಲೆಕ್ಕ ಹಾಕೋದು ಕೊಟ್ಟ ಬೆಲೆಯ ಮೇಲೆ: 5ರಿಂದ 10 ಲಕ್ಷದವರೆಗೆ 200 ರೂಪಾಯಿ, 10 ದಾಟಿ 20ರವರೆಗೆ 400. ವಕೀಲರು ಕಡ್ಡಾಯ ಅಲ್ಲ. ಗ್ರಾಹಕ ಆಯೋಗಗಳ ಆನ್‌ಲೈನ್ ತಾಣವಾದ ಇ-ಜಾಗೃತಿ ಪೋರ್ಟಲ್‌ನಲ್ಲೂ ದಾಖಲಿಸಬಹುದು. ಅವಧಿ 2 ವರ್ಷ. 16,750 ವಾಪಸ್, ಬಡ್ಡಿ, ದೂರಿನ ಖರ್ಚು, ಮಾನಸಿಕ ಕಿರಿಕಿರಿಗೆ ಪರಿಹಾರ ಬೇರೆಬೇರೆಯಾಗಿ ಕೇಳಿ. ಲಕ್ಷಗಟ್ಟಲೆ ಪರಿಹಾರ ಬರೆದರೆ ದೂರಿನ ಗಾಂಭೀರ್ಯವೇ ಹೋಗುತ್ತೆ.

ಹ್ಯಾಂಡ್ಲಿಂಗ್ 7,500ಕ್ಕೂ ಯಾವ ಸರ್ಕಾರಿ ಶುಲ್ಕದ ಪಟ್ಟಿಯಲ್ಲೂ ಜಾಗ ಇಲ್ಲ. ಆದರೆ ಅದು ಕೊಟೇಷನ್‌ನಲ್ಲೇ ಇತ್ತು, ನೀವು ಒಪ್ಪಿ ಕಟ್ಟಿದ್ದೀರಿ. ಡಬಲ್ ವಸೂಲಿಯ ಜೊತೆ ಇದನ್ನು ಬೆರೆಸಿದರೆ ಗಟ್ಟಿ ಇರುವ ವಾದವೂ ಸಡಿಲ ಆಗುತ್ತೆ. ಎರಡನೇ ಅಂಶವಾಗಿ ಬೇರೆ ಇಡಿ.

ಸಾಲದ_ಲೆಕ್ಕ

ಬಿಟ್ಟು ಹೋಗಿದ್ದು ಎರಡು. ಹುಡುಗನ ಯುಪಿಐಗೆ ಹಾಕಿದ 3,500 "ನಮಗೆ ಬಂದೇ ಇಲ್ಲ" ಅಂತಾರೆ, ಬರೆದಿಟ್ಕೊಳ್ಳಿ. ಆ ಹುಡುಗ ದುಡ್ಡು ಕೇಳಿದ ವಾಟ್ಸಾಪ್ ಮೆಸೇಜ್, ಯುಪಿಐ ವಹಿವಾಟಿನ ಸಂಖ್ಯೆ ಎರಡನ್ನೂ ಇಮೇಲ್‌ಗೆ ಲಗತ್ತಿಸಿ. ಶೋರೂಂ ಒಳಗೆ ಅವರ ನೌಕರ ಗಾಡಿ ವ್ಯವಹಾರಕ್ಕೇ ಅಂತ ತಗೊಂಡ ದುಡ್ಡು, ಶೋರೂಂ ಕೈ ತೊಳ್ಕೊಳ್ಳೋಕಾಗಲ್ಲ. ಇನ್ಶೂರೆನ್ಸ್ ಪಾಲಿಸಿಯ ಪಿಡಿಎಫ್ ತೆಗೆದು ಪ್ರೀಮಿಯಂ ನಿಜಕ್ಕೂ 38,200 ಇದೆಯಾ ಅಂತಲೂ ನೋಡಿ. ಕಮ್ಮಿ ಇದ್ರೆ ಅದೂ ಲೆಡ್ಜರ್‌ನಲ್ಲಿ ಜಮಾ ಆಗ್ಬೇಕು.

ಕಡತ_ವಿಲೇವಾರಿ

ರಾಜಿಗೆ ಕರೆದರೆ ಸಾಮಾನ್ಯವಾಗಿ ದುಡ್ಡಿನ ಬದಲು ಸೀಟ್ ಕವರ್, ಫ್ಲೋರ್ ಮ್ಯಾಟ್, ಸರ್ವಿಸ್ ಕೂಪನ್ ಮುಂದಿಡ್ತಾರೆ. ಎಂಆರ್‌ಪಿ ಲೆಕ್ಕದಲ್ಲಿ 16,000 ಅಂತ ತೋರಿಸ್ತಾರೆ, ಹೊರಗಡೆ ಅದರ ಅರ್ಧಕ್ಕೆ ಸಿಗೋ ಮಾಲು. ಕಾರ್ಡ್‌ನಲ್ಲಿ ಕಟ್ಟಿದ್ದು ಅದೇ ಕಾರ್ಡ್‌ಗೆ, ಉಳಿದದ್ದು ಬ್ಯಾಂಕ್ ಖಾತೆಗೆ ಅಂತ ಪಟ್ಟು ಹಿಡಿಯಿರಿ. "ಇನ್ನು ಯಾವುದೇ ತಕರಾರು ಇಲ್ಲ" ಅನ್ನೋ ಪತ್ರಕ್ಕೆ ಸಹಿ ಕೇಳೇ ಕೇಳ್ತಾರೆ. ಖಾತೆಗೆ ಹಣ ಬಿದ್ದು, ಆರ್‌ಸಿ ಕಾರ್ಡ್ ಕೈಗೆ ಬಂದ ಮೇಲೆ ಹಾಕಿ.