ಅಪ್‌ಡೇಟ್: ಅವ್ವನ ಜೊತೆ ಬಾಲಿಗೆ ಹೋಗಿ ಬಂದೆ

ಹುಬ್ಬಳ್ಳಿಯಿಂದ ಅವ್ವನನ್ನು ಬಾಲಿಗೆ ಕರೆದುಕೊಂಡು ಹೋಗ್ತಿದ್ದೇನೆ, ಅಲ್ಲಿಯ ರೀತಿ ರಿವಾಜು ಹೇಳಿ ಅಂತ ಕೇಳಿದ್ದೆ. ಮೊನ್ನೆ ವಾಪಸ್ ಬಂದೆವು. ಉತ್ತರ ಕೊಟ್ಟ ಎಲ್ಲರಿಗೂ ಶರಣು.

"ಕೆಳಗೆ ನೋಡಿಕೊಂಡು ನಡೆಯಿರಿ" ಅಂತ ಒಬ್ಬರು ಬರೆದಿದ್ದರಲ್ಲ, ಅದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಅಂಗಡಿ ಬಾಗಿಲು, ಫುಟ್‌ಪಾತ್, ಎಲ್ಲ ಕಡೆ ದೇವರಿಗೆ ಅರ್ಪಿಸುವ ಚಾನಾಂಗ್ ಸಾರಿ ಇಟ್ಟಿರುತ್ತಾರೆ. ಎಳೆ ತೆಂಗಿನ ಗರಿಯ ಅಂಗೈಯಗಲದ ಬುಟ್ಟಿ, ಒಳಗೆ ಹೂವು, ಮೇಲೆ ಊದುಬತ್ತಿ. ಅದನ್ನು ದಾಟಬಾರದು, ಬಳಸಿ ಹೋಗಬೇಕು. ಮೊದಲ ದಿನವೇ ಅವ್ವ "ನಮ್ಮ ಎಡಿ ಇದ್ದಂಗ ಐತಲ್ಲ" ಅಂದು ಬಗ್ಗಿ ಕೈಮುಗಿದಳು. ಅಂಗಡಿಯಾಕೆ ತನ್ನ ತಟ್ಟೆಯಲ್ಲಿ ಉಳಿದಿದ್ದ ಒಂದು ಚೆಂಡುಹೂವನ್ನು ಅವ್ವನ ಕೈಗಿಟ್ಟಳು.

ಗುಡಿಗೆ ಸಾರಂಗ್ (ಲುಂಗಿಯಂತೆ ಸುತ್ತುವ ಬಟ್ಟೆ), ಸೊಂಟಕ್ಕೆ ಪಟ್ಟಿ ಬೇಕು. ಮುಟ್ಟಾದವರು ಒಳಗೆ ಹೋಗುವಂತಿಲ್ಲ. ನಲ್ಲಿ ನೀರು ಕುಡಿಯಬೇಡಿ. ಸಂಬಲ್ ಚಟ್ನಿಯಲ್ಲಿ ಸಾಮಾನ್ಯವಾಗಿ ಸಿಗಡಿ ಹಾಕಿರುತ್ತಾರೆ. ಅದಕ್ಕೇ ಅವ್ವನ ಊಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲೇ ನಡೆಯಿತು.

2024ರಿಂದ ವಿದೇಶಿ ಪ್ರವಾಸಿಗರಿಗೆ 1,50,000 ರುಪಿಯಾ (ಇಂಡೋನೇಷ್ಯಾದ ಹಣ, ನಮ್ಮ ರೂಪಾಯಿ ಅಲ್ಲ) ಶುಲ್ಕ ಇದೆ, ಊರಲ್ಲೇ ಆನ್‌ಲೈನ್ ಕಟ್ಟಿಬಿಡಿ. ಮಾರ್ಚ್‌ನಲ್ಲಿ ಹೋಗುವವರು ನ್ಯೆಪಿ ದಿನ ಯಾವತ್ತು ಅಂತ ಮೊದಲು ನೋಡಿ. ಅದು ಅವರ ಶಕ ಹೊಸ ವರ್ಷ. 24 ಗಂಟೆ ವಿಮಾನ ನಿಲ್ದಾಣವೂ ಬಂದ್, ಬೀದಿಗೂ ಇಳಿಯುವಂತಿಲ್ಲ.