ಬೇಸಿಗೆ ರಜೆಯಲ್ಲಿ ಇಡೀ ರಾತ್ರಿ ಬಯಲಾಟ: ಮೊದಲ ಸಲ ಹೋಗುವವರು ಏನೇನು ತಿಳಿದಿರಬೇಕು?

ಕಾಫಿಹೂವು

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿದೆ, ಊರು ಚಿಕ್ಕಮಗಳೂರು. ಏಪ್ರಿಲ್ ಕೊನೆಗೆ ಕೊಪ್ಪದ ಹತ್ತಿರ ಅತ್ತೆಯ ಊರಲ್ಲಿ ಹರಕೆಯ ಯಕ್ಷಗಾನ ಬಯಲಾಟ ಇದೆ. ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಮೇಳ, ಪ್ರಸಂಗ ಅಂದರೆ ಆಡುವ ಕಥೆ ‘ದೇವಿ ಮಹಾತ್ಮೆ’, ಬೆಳಗಿನವರೆಗೆ. ನಾವು ಮೂವರು ಗೆಳೆಯರು ಹೋಗಬೇಕೆಂದಿದ್ದೇವೆ, ಎಲ್ಲರಿಗೂ 15–16 ವರ್ಷ. ಯಾರೂ ಯಕ್ಷಗಾನವನ್ನು ಮೊಬೈಲಿನಲ್ಲಿ ಬಿಟ್ಟರೆ ಎದುರು ಕೂತು ನೋಡಿಲ್ಲ. ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ಕೂರಬೇಕು? ಮಹಿಷಾಸುರ ಬರುವ ಹೊತ್ತಿಗೆ ಹೋದರೆ ಸಾಕು ಅನ್ನುತ್ತಾರೆ, ನಿಜವೇ? ಪದ್ಯ ಅರ್ಥವಾಗದಿದ್ದರೆ ಏನು ಮಾಡುವುದು?

ಚೌಕಿಬಾಗಿಲು

ತಮ್ಮಾ, ಮಹಿಷಾಸುರನ ಹೊತ್ತಿಗೆ ಹೋದರೆ ಗದ್ದಲ ಕಾಣುತ್ತದೆ, ಕುಣಿತ ಕಾಣುವುದಿಲ್ಲ. ಅಬ್ಬರಕ್ಕೆ ಮೊದಲೇ ಹೋಗಿ. ಆಟ ಶುರುವಾಗುತ್ತದೆ ಎಂದು ಚೆಂಡೆ ಬಾರಿಸಿ ಊರಿಗೆಲ್ಲ ಸಾರುವುದೇ ಅಬ್ಬರ. ಇಡೀ ರಾತ್ರಿಯ ಆಟವಾದರೆ ಸಾಮಾನ್ಯವಾಗಿ ಸಂಜೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ ಪೂಜೆ, ಆಮೇಲೆ ಊಟ, ಒಂಬತ್ತರ ಸುಮಾರಿಗೆ ರಂಗಸ್ಥಳದಲ್ಲಿ ಪೂರ್ವರಂಗ, ಅಂದರೆ ಕಥೆಗೆ ಮೊದಲಿನ ಕುಣಿತ.

ಈ ಪೂರ್ವರಂಗದ ಹೊತ್ತಿನಲ್ಲಿ ಜನ ಇನ್ನೂ ಊಟದ ಪಂಕ್ತಿಯಲ್ಲಿರುತ್ತಾರೆ, ಕುರ್ಚಿಗಳೆಲ್ಲ ಖಾಲಿ. ನಿಮ್ಮ ವಯಸ್ಸಿನವರು ತಪ್ಪಿಸಲೇಬಾರದ ಭಾಗ ಇದೇ. ಕೋಡಂಗಿ, ಬಾಲಗೋಪಾಲ ವೇಷಗಳನ್ನು ಹೆಚ್ಚಾಗಿ ಈಗಷ್ಟೇ ಹೆಜ್ಜೆ ಕಲಿತ ಹುಡುಗರು ಮಾಡುತ್ತಾರೆ. ದೊಡ್ಡ ಕಿರೀಟ, ಕಣ್ಣು ಕುಕ್ಕುವ ಆಭರಣ ಇರುವುದಿಲ್ಲ. ಹಾಗಾಗಿ ಕಾಲು ಎಲ್ಲಿ ಬೀಳುತ್ತದೆ, ಚೆಂಡೆಯ ಯಾವ ಹೊಡೆತಕ್ಕೆ ತಿರುಗುತ್ತಾರೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಅರ್ಧ ಗಂಟೆ ಕಣ್ಣು ಪಳಗಿದರೆ, ಮುಂದೆ ದೊಡ್ಡ ವೇಷ ಬಂದಾಗ ಕುಣಿತದಲ್ಲಿ ಏನು ನಡೆಯುತ್ತಿದೆ ಎಂದು ತಾನಾಗಿ ತಿಳಿಯುತ್ತದೆ.

ಕೂರುವ ಜಾಗ: ಮೊದಲ ಸಾಲು ಬೇಡ. ರಂಗಸ್ಥಳ ನೆಲದಿಂದ ಎತ್ತರದಲ್ಲಿದ್ದರೆ ತೀರ ಮುಂದೆ ಕೂತವರಿಗೆ ಪಾದ ಕಾಣುವುದಿಲ್ಲ, ಕುತ್ತಿಗೆ ನೋವು ಬೇರೆ. ನಡುಭಾಗದಲ್ಲಿ ಐದಾರನೇ ಸಾಲು ಒಳ್ಳೆಯದು. ಚೆಂಡೆಯವರು ಯಾವ ಬದಿಗೆ ನಿಂತಿದ್ದಾರೆ, ಧ್ವನಿವರ್ಧಕದ ಪೆಟ್ಟಿಗೆ ಎಲ್ಲಿದೆ ಎಂದು ನೋಡಿಕೊಂಡು ಅದರ ನೇರ ಎದುರು ಬಿಟ್ಟು ಕೂತುಕೊಳ್ಳಿ. ಎಂಟು ಗಂಟೆ ಆ ಸದ್ದಿಗೆ ಕಿವಿ ಕೊಟ್ಟರೆ ಮರುದಿನವೂ ಗುಂಯ್ ಅನ್ನುತ್ತಿರುತ್ತದೆ.

ಮದ್ದಳೆಪೆಟ್ಟು

ಪದ್ಯದ ಪ್ರಶ್ನೆಗೆ. ಆಟ ನಡೆಯುವ ಕ್ರಮ ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಹಾಡುಗಾರರಾದ ಭಾಗವತರು ಪದ್ಯ ಹೇಳುತ್ತಾರೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಪದ್ಯ ಮುಗಿದ ಮೇಲೆ ಅದರಲ್ಲಿದ್ದ ವಿಷಯವನ್ನೇ ಮಾತಿನಲ್ಲಿ ಬಿಡಿಸುತ್ತಾನೆ. ಆ ಮಾತಿಗೇ ಅರ್ಥ ಎನ್ನುವುದು. ಪದ್ಯ ಬರೆದಿಟ್ಟದ್ದು, ಅರ್ಥ ಆ ಕ್ಷಣದಲ್ಲಿ ಹುಟ್ಟುವುದು. ಆದ್ದರಿಂದ ಪದ್ಯದ ಶಬ್ದ ಸಿಗಲಿಲ್ಲವೆಂದು ಗಾಬರಿ ಬೇಡ, ಆಗ ಕಾಲು ನೋಡಿ. ಮಾತು ಶುರುವಾದಾಗ ಮಾತ್ರ ಪಕ್ಕದವರ ಹತ್ತಿರ ಹರಟೆ ಬಿಟ್ಟು ಕಿವಿ ಕೊಡಿ. ಶಿಳ್ಳೆ, ಚಪ್ಪಾಳೆ ಎಲ್ಲ ಕುಣಿತಕ್ಕೆ ಇರಲಿ. ಅರ್ಥದ ನಡುವೆ ಹೊಡೆದರೆ ಕಲಾವಿದರ ಎಳೆ ತುಂಡಾಗುತ್ತದೆ.

ಕಥೆಯನ್ನು ಮಧ್ಯಾಹ್ನವೇ ಯಾರಿಂದಲಾದರೂ ಕೇಳಿಕೊಳ್ಳಿ. ಈ ಪ್ರಸಂಗದ ಮುಖ್ಯ ಮೆಟ್ಟಿಲುಗಳು: ಮೊದಲು ಮಧು–ಕೈಟಭರು, ಆಮೇಲೆ ಮಾಲಿನಿ ಮತ್ತು ಅವಳ ಮಗ ಮಹಿಷಾಸುರ, ಅವನ ವಧೆ, ಬೆಳಗಿನ ಕಡೆಗೆ ಚಂಡ–ಮುಂಡರು, ರಕ್ತಬೀಜ, ಶುಂಭ–ನಿಶುಂಭರು. ಮಹಿಷಾಸುರ ಸತ್ತ ತಕ್ಷಣ ಅರ್ಧ ಸಭೆ ಎದ್ದು ಹೋಗುತ್ತದೆ. ನನಗೆ ಇದು ತುಂಬ ಬೇಸರದ ವಿಷಯ. ರಕ್ತಬೀಜ ಅರ್ಥಗಾರಿಕೆಗೆ ಹೆಸರಾದ ಪಾತ್ರ, ಒಳ್ಳೆಯ ಕಲಾವಿದರು ಸಿಕ್ಕರೆ ಆ ಮಾತಿಗಾಗಿಯೇ ಕೂರಬೇಕು. ಅದನ್ನು ಬಿಟ್ಟು ಏಳಬೇಡಿ.

ತಾಳ ಹಿಡಿಯುವ ಆಸೆ ಇದ್ದರೆ ಏಕತಾಳದಿಂದ ಶುರು ಮಾಡಿ, ನಾಲ್ಕು ಎಣಿಕೆ, ಬೇಗ ಸಿಗುತ್ತದೆ. ತ್ರಿವುಡೆ ಏಳು, ಝಂಪೆ ಹತ್ತು. ಹತ್ತನ್ನು ಮೊದಲ ರಾತ್ರಿಯೇ ಎಣಿಸಲು ಹೋದರೆ ಕುಣಿತ ಕೈತಪ್ಪುತ್ತದೆ.

ಕಾಫಿಹೂವು

ತುಂಬ ಧನ್ಯವಾದ ಅಣ್ಣ. ತೆಂಕು–ಬಡಗು (ದಕ್ಷಿಣ–ಉತ್ತರ ಶೈಲಿಗಳ) ವ್ಯತ್ಯಾಸ ನೋಡಿದ ಕೂಡಲೇ ಗೊತ್ತಾಗುತ್ತದೆಯೇ? ಬೆಂಕಿ ಹಿಡಿದುಕೊಂಡು ಜನರ ಮಧ್ಯದಿಂದ ಬರುತ್ತಾರಂತೆ. ಹತ್ತಿರ ನಿಂತು ವಿಡಿಯೊ ಮಾಡಬಹುದಾ?

ತುಂಗೆದಡ

ಹತ್ತಿರ ನಿಲ್ಲಬೇಡಿ. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಸಭೆಯ ಹಿಂದಿನಿಂದ ದೊಂದಿಗಳ (ಪಂಜುಗಳ) ನಡುವೆ ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಒಮ್ಮೆಲೇ ಅಗಲಕ್ಕೂ ಮೇಲಕ್ಕೂ ಭುಗಿಲೇಳುತ್ತದೆ. ಪುಡಿ ಗಾಳಿಯಲ್ಲಿ ಹರಡಿರುವುದರಿಂದ ಕಣ ಕಣಕ್ಕೂ ಗಾಳಿ ಸಿಕ್ಕಿ ಒಟ್ಟಿಗೇ ಉರಿಯುತ್ತದೆ. ಗಾಳಿ ತಿರುಗಿದರೆ ಜ್ವಾಲೆಯೂ ತಿರುಗುತ್ತದೆ. ದಾರಿಯಿಂದ ಕನಿಷ್ಠ ಹತ್ತು ಅಡಿ ದೂರ ಇರಿ. ನೈಲಾನ್ ಜಾಕೆಟ್, ಜೋತುಬಿದ್ದ ದುಪ್ಪಟ್ಟ ಬೇಡ. ನೈಲಾನಿನಂಥ ಬಟ್ಟೆ ಉರಿಯುವಾಗ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆಯೇ ಸರಿ, ಸಡಿಲವಾಗಿ ಜೋಲುವಂತಿರಬಾರದು. ವಿಡಿಯೊ ಮಾಡುವುದಾದರೆ ಕೂತಲ್ಲಿಂದಲೇ, ಮೊಬೈಲಿನ ಬೆಳಕು ಆರಿಸಿ. ಬೆಳಕು ಮುಖಕ್ಕೆ ಹೊಡೆದರೆ ಕುಣಿಯುವವರ ಹೆಜ್ಜೆ ತಪ್ಪುತ್ತದೆ.

ತೆಂಕು–ಬಡಗು: ವೇಷದಲ್ಲೇ ಗೊತ್ತಾಗುತ್ತದೆ. ಬಡಗಿನಲ್ಲಿ ಮುಂದಲೆ (ಮುಂಡಾಸಿನಂಥ ತಲೆಯುಡುಗೆ) ಕಟ್ಟಿದ ವೇಷ, ಮಂಡಿಯೂರಿ ಸುತ್ತುವ ಮಂಡಿಕುಣಿತ. ತೆಂಕಿನಲ್ಲಿ ಹೆಚ್ಚಾಗಿ ಕಿರೀಟ, ಪುಂಡುವೇಷದವರು (ಎಳೆಯ ವೀರರ ಪಾತ್ರ ಮಾಡುವವರು) ಗಾಳಿಯಲ್ಲಿ ತಿರುಗಿ ಹಾರುವ ಧಿಗಿಣ.

ಚೌಕಿಗೆ ಹೋಗುವುದಾದರೆ ಚಪ್ಪಲಿ ಹೊರಗೆ. ಮೇಳದ ದೇವರು ಅಲ್ಲೇ ಇರುತ್ತದೆ. ಅಕ್ಕಿಹಿಟ್ಟು–ಸುಣ್ಣದ ಹದದಲ್ಲಿ ಬಣ್ಣದ ವೇಷಕ್ಕೆ (ರಾಕ್ಷಸ ಪಾತ್ರಕ್ಕೆ) ಚುಟ್ಟಿ, ಅಂದರೆ ಮುಖದ ಮೇಲೆ ಉಬ್ಬು ಚುಕ್ಕೆ–ಗೆರೆ, ಇಡುವುದು ತಾಸುಗಟ್ಟಲೆಯ ಕೆಲಸ, ಕೇಳಿಕೊಂಡು ದೂರ ನಿಂತು ನೋಡಿ. ಗೆಜ್ಜೆ, ಕಿರೀಟ ಮುಟ್ಟಬೇಡಿ. ಬಣ್ಣ ಹಚ್ಚಿಕೊಳ್ಳುವವರನ್ನು ಮಾತಿಗೆ ಎಳೆದರೆ ತುಟಿ ಅಲುಗಿ ಗೆರೆ ಕೆಡುತ್ತದೆ.

ಬಾಳೆಹೊನ್ನೂರು ಅಕ್ಕ

ಉಳಿದ ವ್ಯವಸ್ಥೆ ಹೇಳುತ್ತೇನೆ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಊಟವನ್ನೂ ಆಟ ಆಡಿಸುವ ಮನೆಯವರೇ ಹಾಕುತ್ತಾರೆ. ಆರತಿ ತಟ್ಟೆಗೆ ಹಾಕಲು ಹತ್ತು–ಇಪ್ಪತ್ತರ ನೋಟು ಜೇಬಿನಲ್ಲಿರಲಿ. ಹೊಟ್ಟೆ ಬಿರಿಯ ಉಂಡರೆ ಹನ್ನೆರಡಕ್ಕೇ ತೂಕಡಿಕೆ, ಹದವಾಗಿ ಉಣ್ಣಿ. ಅದಕ್ಕಿಂತ ಮುಖ್ಯ, ಅವತ್ತು ಮಧ್ಯಾಹ್ನ ಮೂರು ಗಂಟೆ ನಿದ್ದೆ ಮಾಡಿ. ತಡೆಯಲಾಗದೆ ಹೋದರೆ ಮಾತು ಲಂಬಿಸಿದ ಜಾಗದಲ್ಲಿ ಇಪ್ಪತ್ತು ನಿಮಿಷ ಮಲಗಿ ಏಳುವುದರಲ್ಲಿ ತಪ್ಪಿಲ್ಲ, ಚಾಪೆ ತರುವುದೇ ಅದಕ್ಕೆ.

ಏಪ್ರಿಲ್ ಅಂದರೆ ಮಲೆನಾಡಿನಲ್ಲಿ ಸಂಜೆ ಗುಡುಗು ಮಳೆ ಬರಬಹುದು. ಕೊಡೆ, ಕೆಳಗೆ ಹಾಸಲು ಪ್ಲಾಸ್ಟಿಕ್ ಹಾಳೆ, ಹೊದೆಯಲು ಒಂದು ಶಾಲು. ಮಳೆ ಜೋರಾದರೆ ಆಟ ನಿಲ್ಲುವುದೂ ಉಂಟು, ಹತ್ತಿರದ ಶಾಲೆಗೋ ಸಭಾಭವನಕ್ಕೋ ಹೋಗುವುದೂ ಉಂಟು. ಸಿಡಿಲಿರುವಾಗ ಒಂಟಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ.

ಚಿಕ್ಕಮಗಳೂರಿನಿಂದ ಹಗಲಿನಲ್ಲೇ ಅತ್ತೆ ಮನೆ ಸೇರಿಕೊಳ್ಳಿ, ಬಾಳೆಹೊನ್ನೂರು ದಾರಿಯಲ್ಲಿ ತಿರುವು ಜಾಸ್ತಿ. ಬೆಳಿಗ್ಗೆ ಮಂಗಳ ಹಾಡಿದ ಕೂಡಲೇ ಯಾರದ್ದೋ ಬೈಕು ಹತ್ತಬೇಡಿ, ಓಡಿಸುವವರೂ ನಿದ್ದೆಗೆಟ್ಟಿರುತ್ತಾರೆ. ಮನೆಗೆ ಹೋಗಿ ಮಲಗಿ, ಮಧ್ಯಾಹ್ನದ ಬಸ್ಸಿಗೆ ಹೊರಡಿ. ಮೂವರ ಮನೆಯವರಿಗೂ ಅತ್ತೆಯ ಫೋನ್ ನಂಬರ್ ಕೊಟ್ಟಿರಿ. ಆ ಕಡೆ ಹಲವು ಊರುಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಇದನ್ನೂ ಮೊದಲೇ ಹೇಳಿಬಿಡಿ.

ಮದ್ದಳೆಪೆಟ್ಟು

ಒಂದು ಸೇರಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ರಾತ್ರಿ ನಿದ್ದೆಗೆಟ್ಟರೆ ತಲೆನೋವು ಬರುವುದಿದ್ದರೆ ಮೊದಲು ಕಾಲಮಿತಿಯ ಆಟ ನೋಡಿ. ಹಲವು ಮೇಳಗಳು ಈಗ ಸಂಜೆ ಶುರುಮಾಡಿ ನಡುರಾತ್ರಿಗೆ ಮುಗಿಸುತ್ತವೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಎಂಬ ತುಳುವರ ವಿಶೇಷ ದಿನಕ್ಕೆ ಮೇಳಗಳ ವರ್ಷದ ತಿರುಗಾಟ ಮುಗಿದು ಗೆಜ್ಜೆ ಬಿಚ್ಚುತ್ತಾರೆ, ಅಷ್ಟರೊಳಗೆ ವಿಚಾರಿಸಿ.