ಆಯಿಯ ಹಂಚು, ಮಗಳ ಕನ್ನಡ

ಎಲ್ಲರಿಗೂ ನಮಸ್ಕಾರ. ಕಾರ್ಟೂನ್ ಎಷ್ಟು ತೋರಿಸಿದರೂ ಮಗುವಿನ ಬಾಯಲ್ಲಿ ಕನ್ನಡ ಪದ ನಿಲ್ತಾ ಇಲ್ಲ ಅಂತ ನಿನ್ನೆ ಅಕ್ಕ ಒಬ್ಬರು ಬರೆದಿದ್ದರು. ನಮ್ಮ ಮನೆಯಲ್ಲೂ ಇದೇ ಆಗಿತ್ತು. ನಾವಿರೋದು ಮ್ಯೂನಿಕ್‌ನಲ್ಲಿ. ಮಗಳಿಗೆ ಐದು ವರ್ಷ, ಬಾಯಿ ತೆರೆದರೆ ಜರ್ಮನ್. ಕನ್ನಡ ವಿಡಿಯೊ ಖುಷಿಯಿಂದ ನೋಡುತ್ತಿದ್ದಳು. ಕೇಳಿದರೆ ಒಂದು ಪದವೂ ಬರುತ್ತಿರಲಿಲ್ಲ.

ಆಗಸ್ಟ್ ರಜೆಗೆ ಬಾಗಲಕೋಟೆಗೆ ಹೋಗಿದ್ದೆವು. ನಮ್ಮ ಅವ್ವ, ಅಂದರೆ ಮಗಳ ಆಯಿ, ರೊಟ್ಟಿ ಬಡಿಯುವಾಗ ವಿಡಿಯೊ ಮಾಡೋಣ ಅಂತ ಸುಮ್ನೆ ಫೋನ್ ಹಿಡಿದೆ. ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, "ಹಂಚು ಕಾದೈತಿ ನೋಡವ್ವಾ" ಅಂದಳು. ಚುಂಯ್ ಅಂತ ಸದ್ದು, ಮೇಲೆದ್ದ ಹಬೆ, ಆಯಿಯ ದನಿ. ಹತ್ತು ಸೆಕೆಂಡಿನ ತುಣುಕು ಅಷ್ಟೇ. "ಹಂಚು" ಅನ್ನೋದನ್ನು ಮಗಳು ಇವತ್ತಿಗೂ ಮರೆತಿಲ್ಲ.

ಆಮೇಲೆ ಇದರ ಬಗ್ಗೆ ಸ್ವಲ್ಪ ಓದಿದೆ. ಮಾತು ಒಂದು ದಾರಿಯಲ್ಲಿ, ಚಿತ್ರ ಇನ್ನೊಂದು ದಾರಿಯಲ್ಲಿ ನೆನಪಿಗೆ ಹೋಗುತ್ತವೆ, ಎರಡೂ ಕೂಡಿದರೆ ಗಟ್ಟಿಯಾಗಿ ಉಳಿಯುತ್ತದೆ ಅಂತ ಕೆನಡಾದ ಮನೋವಿಜ್ಞಾನಿ ಅಲನ್ ಪೈವಿಯೊ 1970ರ ದಶಕದಲ್ಲೇ ಹೇಳಿದ್ದರು. ಮಾತು, ಚಿತ್ರ ಒಟ್ಟಿಗೇ ಬರಬೇಕು, ಸಂಬಂಧವಿಲ್ಲದ ಸಂಗೀತ ಮತ್ತು ಅಲಂಕಾರ ಕಲಿಕೆಗೆ ಅಡ್ಡಿ ಅನ್ನೋದು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಮಾತು. ನಾವು ಹಾಕುತ್ತಿದ್ದ ಕಾರ್ಟೂನುಗಳಲ್ಲಿ ಜಾಸ್ತಿ ಇದ್ದದ್ದು ಅದೇ.

ಆದರೆ ತೋರಿಸಿದರೆ ಮುಗಿಯಲಿಲ್ಲ. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ. ಜರ್ಮನಿಯ ಮನೋವಿಜ್ಞಾನಿ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅದಕ್ಕೇ ನಾನು ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಅದೇ ತುಣುಕು ಹಾಕುತ್ತೇನೆ. ಎರಡನೇ ಸಲದಿಂದ ಸದ್ದು ಬಂದ್. ಆಯಿಯ ಮಾತನ್ನು ಮಗಳೇ ಹೇಳಬೇಕು. ತಡವರಿಸಿದರೂ ಕಾಯುತ್ತೇನೆ. ನಮ್ಮಲ್ಲಿ ನಿಜವಾಗಿ ಕೆಲಸ ಮಾಡಿದ್ದು ಈ ಕಾಯುವುದೇ.

ಹಂಚು, ಹಿಟ್ಟು, ಬುಟ್ಟಿ ಸುಲಭ. ಕಣ್ಣೆದುರಿಗೆ ಇರುವ ವಸ್ತುಗಳು, ಅಲ್ವಾ? ನಮ್ಮ ಊರಿನವರ ಬಾಯಲ್ಲಿ ದಿನಾ ಬರುವ "ಮುಳುಗಡೆ"ಯನ್ನು ಹೇಗೆ ತೋರಿಸೋದು? ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೆ ಬಂದರು. ನಮ್ಮ ಮನೆಯೂ ಅದರಲ್ಲೇ ಹೋಯಿತು. ಅವ್ವ ಬಕೆಟ್ ನೀರಿಗೆ ಒಂದು ಕಲ್ಲು ಹಾಕಿದಳು, "ಮುಳುಗಿತು". ಒಣ ಎಲೆ ಬಿಟ್ಟಳು, "ತೇಲಿತು". ಎರಡನ್ನೂ ರೆಕಾರ್ಡ್ ಮಾಡಿಕೊಂಡೆ.

ಮೊನ್ನೆ ಸ್ನಾನದ ಟಬ್ಬಿನಲ್ಲಿ ಮಗಳು ಚಮಚ ಬಿಟ್ಟು "ಮುಳುಗಿತು" ಅಂದಳು. ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. ಆಮೇಲೆ ಕನ್ನಡದಲ್ಲೇ ಕೇಳಿದಳು, "ಆಯಿ ಮನೆ ಮುಳುಗಿತಾ?" ಅವ್ವನಿಗೆ ಆಗಲೇ ಫೋನ್ ಹಚ್ಚಿದೆ.